ಕಾರು ಕೀಗೆ ಓಗೊಡದಿದ್ದಾಗ: ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

'ಕೀ ಕೆಲಸ ಮಾಡುತ್ತಿಲ್ಲ' ಎನ್ನುವ ದೂರಿನಲ್ಲಿ ಎಷ್ಟೋ ಸಲ ಕೀಯದು ತಪ್ಪೇ ಇರುವುದಿಲ್ಲ. ಬಾನೆಟ್ ಕೆಳಗಿನ 12 ವೋಲ್ಟ್ ಬ್ಯಾಟರಿ ಸೊರಗಿರುತ್ತದೆ, ಟರ್ಮಿನಲ್ ಸಡಿಲವಾಗಿರುತ್ತದೆ, ಇಲ್ಲವೇ ಕ್ಲಚ್ ಪೆಡಲ್ ಪೂರ್ತಿ ಕೆಳಗಿಳಿಯದಂತೆ ದಪ್ಪ ಮ್ಯಾಟ್ ಅಡ್ಡ ಬಂದಿರುತ್ತದೆ. ಇದನ್ನೆಲ್ಲ ನೋಡದೆ ನೇರ ಕೀ ಮಾಡುವವರ ಬಳಿ ಓಡಿದರೆ ಸಾವಿರಾರು ರೂಪಾಯಿಗೆ ಹೊಸ ಕೀ ಬರುತ್ತದೆ, ಕಾರು ಮಾತ್ರ ನಿಂತಲ್ಲೇ ನಿಂತಿರುತ್ತದೆ. ಆದ್ದರಿಂದ ಇಲ್ಲಿ ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಕೀ ಪ್ರೋಗ್ರಾಮಿಂಗ್ ಎಲ್ಲಕ್ಕಿಂತ ಕೊನೆಗೆ.

ಒಂದೇ ಕೀ, ಮೂರು ಕೆಲಸ

ಇದೊಂದು ಅರ್ಥವಾದರೆ ಅರ್ಧ ಪತ್ತೆ ಮುಗಿದಂತೆ. ಇವತ್ತಿನ ಕೀಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಭಾಗಗಳಿವೆ.

ಮೊದಲನೆಯದು ಲೋಹದ ಬ್ಲೇಡ್. ಬಾಗಿಲಿನ ಬೀಗವನ್ನೋ ಇಗ್ನಿಷನ್ ಬ್ಯಾರೆಲನ್ನೋ (ಗಾಡಿ ಸ್ಟಾರ್ಟ್ ಮಾಡಲು ಕೀ ತೂರಿಸುವ ಬೀಗ) ತಿರುಗಿಸುವುದಷ್ಟೇ ಅದರ ಕೆಲಸ. ಎರಡನೆಯದು ರಿಮೋಟ್. ಗುಂಡಿ ಒತ್ತಿದಾಗ ಸೆಲ್ಲಿನ ಬಲದಿಂದ ರೇಡಿಯೊ ಸಂಕೇತ ಕಳಿಸುತ್ತದೆ. ನಮ್ಮಲ್ಲಿನ ಹೆಚ್ಚಿನ ಕಾರುಗಳಲ್ಲಿ ಇದು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಮೂರನೆಯದು ಇಮೊಬಿಲೈಸರ್ ಚಿಪ್. ಇದಕ್ಕೆ ಸೆಲ್ ಬೇಕಿಲ್ಲ. ಇಗ್ನಿಷನ್ ಬ್ಯಾರೆಲ್ ಸುತ್ತ ಇರುವ ತಂತಿಯ ಸುರುಳಿಯೇ ಅದಕ್ಕೆ ಶಕ್ತಿ ಕೊಟ್ಟು ಗುರುತು ಕೇಳುತ್ತದೆ. ಗುರುತು ಹೊಂದದಿದ್ದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಂಜಿನ್ ನಡೆಯಲು ಬಿಡುವುದಿಲ್ಲ.

ಹಾಗಾಗಿ ತಿರುಗಿಸುವ ಕೀ ಇರುವ ಕಾರಿನಲ್ಲಿ ರಿಮೋಟ್ ಸತ್ತಿದ್ದರೂ ಗಾಡಿ ಸ್ಟಾರ್ಟ್ ಆಗಲೇಬೇಕು. ಆಗದಿದ್ದರೆ ಸೆಲ್ ಬದಲಿಸಿ ಪ್ರಯೋಜನವಿಲ್ಲ, ಬೇರೆ ಕಡೆ ಹುಡುಕಿ.

ಪುಶ್ ಬಟನ್ ಕಾರುಗಳ ಸ್ಮಾರ್ಟ್ ಕೀಯಲ್ಲಿ ಇನ್ನೊಂದು ವ್ಯವಸ್ಥೆ ಸೇರುತ್ತದೆ. ಬಾಗಿಲ ಹಿಡಿಕೆಯ ಗುಂಡಿ ಒತ್ತಿದಾಗ ಕಾರು ಕಡಿಮೆ ಆವರ್ತನದಲ್ಲಿ ಕೀಯನ್ನು ಕರೆಯುತ್ತದೆ, ಕೀ ರೇಡಿಯೊದಲ್ಲಿ ಉತ್ತರಿಸುತ್ತದೆ. ಈ ಕರೆ ಬಾಗಿಲಿನಿಂದ ಸುಮಾರು 70–80 ಸೆಂಟಿಮೀಟರ್‌ವರೆಗೆ ಮಾತ್ರ ಮುಟ್ಟುತ್ತದೆ. ಬೆನ್ನಿನ ಬ್ಯಾಗಿನೊಳಗೆ ಲ್ಯಾಪ್‌ಟಾಪಿಗೆ ಅಂಟಿಕೊಂಡ ಕೀಗೆ ಅದು ಕೇಳಿಸದೇ ಇರಬಹುದು. ಕೀಯನ್ನು ಮೊಬೈಲ್, ಪವರ್ ಬ್ಯಾಂಕ್, ಚಾರ್ಜರ್‌ಗಳಿಂದ ಗೇಣುದ್ದ ದೂರ ಹಿಡಿದು ಮತ್ತೊಮ್ಮೆ ನೋಡಿ.

ಮೊದಲ ಎರಡು ನಿಮಿಷ: ದೀಪ ನೋಡಿ, ಸದ್ದು ಕೇಳಿ

ಸ್ಪೇರ್ ಕೀ ಹತ್ತಿರದಲ್ಲಿದ್ದರೆ ಮೊದಲು ಅದನ್ನೇ ಪ್ರಯತ್ನಿಸಿ. ಅದು ಕೆಲಸ ಮಾಡಿದರೆ ದೋಷ ಮೊದಲ ಕೀಯಲ್ಲಿದೆ. ಎರಡೂ ಕೈಕೊಟ್ಟರೆ ದೋಷ ಕಾರಿನಲ್ಲಿದೆ ಎಂದೇ ಹಿಡಿಯಿರಿ, ಎರಡು ಕೀ ಒಂದೇ ದಿನ ಕೆಡುವುದು ತೀರ ಅಪರೂಪ.

ಸ್ಪೇರ್ ಇಲ್ಲದಿದ್ದರೆ ಕಾರಿನ ವಿದ್ಯುತ್ ಇದೆಯೇ ನೋಡಿ. ಬಾಗಿಲು ತೆರೆದಾಗ ಒಳದೀಪ ಹತ್ತುತ್ತದೆಯೇ? ಹಜಾರ್ಡ್ ಸ್ವಿಚ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆಯೇ? ಹಾರ್ನ್ ಗಟ್ಟಿಯಾಗಿ ಕೂಗುತ್ತದೆಯೇ? ಒಂದೂ ಇಲ್ಲವೆಂದರೆ ಬ್ಯಾಟರಿ ಖಾಲಿ ಅಥವಾ ಟರ್ಮಿನಲ್ ಬಿಟ್ಟಿದೆ. ನೇರ ಬ್ಯಾಟರಿಯ ಭಾಗಕ್ಕೆ ಹೋಗಿ. ಎಲ್ಲವೂ ಸರಿಯಿದ್ದು ಬಾಗಿಲು ಮಾತ್ರ ತೆರೆಯುತ್ತಿಲ್ಲವೆಂದರೆ ರಿಮೋಟಿನ ಕಡೆ ನೋಡಿ.

ಮಗುವೋ ಸಾಕುಪ್ರಾಣಿಯೋ ಒಳಗೆ ಸಿಕ್ಕಿಕೊಂಡಿದ್ದರೆ ಯಾವ ಪರೀಕ್ಷೆಯೂ ಬೇಡ. ಬಿಸಿಲಿನಲ್ಲಿ ಮುಚ್ಚಿದ ಕಾರು ಕೆಲವೇ ನಿಮಿಷಗಳಲ್ಲಿ ಕಾದುಬಿಡುತ್ತದೆ. 112ಕ್ಕೆ ಕರೆ ಮಾಡಿ, ಮಗುವಿನಿಂದ ದೂರದ ಪಕ್ಕದ ಗಾಜಿನ ಮೂಲೆಗೆ ಚೂಪಾದ ಲೋಹದಿಂದ ಹೊಡೆದು ಒಡೆಯಿರಿ. ನಡುಭಾಗಕ್ಕೆ ಹೊಡೆದರೆ ಸುಲಭಕ್ಕೆ ಒಡೆಯುವುದಿಲ್ಲ. ಮುಂದಿನ ಗಾಜಿಗಂತೂ ಹೋಗಬೇಡಿ, ಅದು ಪದರವಿರುವ ಗಾಜು.

ರಿಮೋಟಿಗೆ ಬಾಗಿಲು ತೆರೆಯದಿದ್ದರೆ

ಮೊದಲ ಅನುಮಾನ ಸೆಲ್ಲಿನ ಮೇಲೆ. ಕೆಲವು ದಿನಗಳಿಂದ ಕಾರಿನ ತೀರ ಹತ್ತಿರ ಹೋದರೆ ಮಾತ್ರ ತೆರೆಯುತ್ತಿತ್ತು, ಎರಡು ಮೂರು ಸಲ ಒತ್ತಬೇಕಾಗುತ್ತಿತ್ತು ಎಂದರೆ ಸೆಲ್ ಮುಗಿದಿದೆ. ಕೀ ಮೇಲಿನ ಪುಟ್ಟ ಎಲ್‌ಇಡಿ ಹತ್ತುತ್ತಿದೆ ಎಂದು ನಂಬಿ ಕೂರಬೇಡಿ. ಆ ದೀಪಕ್ಕೆ ಸಾಲುವಷ್ಟು ಬಲ ಉಳಿದಿದ್ದರೂ ಸಂಕೇತ ದೂರ ಹೋಗುವಷ್ಟು ಉಳಿದಿರುವುದಿಲ್ಲ.

ಸೆಲ್ಲಿನ ಮೇಲೆ ಸಿಆರ್2032, ಸಿಆರ್2025, ಸಿಆರ್1632, ಸಿಆರ್1620, ಸಿಆರ್1616 ಹೀಗೆ ಒಂದು ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ಮಿಲಿಮೀಟರಿನಲ್ಲಿ ಅಗಲ, ಕೊನೆಯ ಎರಡು ದಪ್ಪ: 2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಎಲ್ಲವೂ 3 ವೋಲ್ಟ್. 'ಅದೇ ವೋಲ್ಟ್ ಸಾರ್, ನಡೀತದೆ' ಎಂದು ಅಂಗಡಿಯವರು 2032ರ ಜಾಗಕ್ಕೆ 2025 ಕೊಟ್ಟರೆ ತೆಗೆದುಕೊಳ್ಳಬೇಡಿ. 0.7 ಮಿ.ಮೀ. ಸಡಿಲವಾಗಿ, ರಸ್ತೆಯುಬ್ಬು ಹಾರಿಸಿದಾಗೆಲ್ಲ ಸಂಪರ್ಕ ತಪ್ಪುತ್ತದೆ. ಕಂಪನಿ ಹೆಸರಿರುವ, ಬಾಳಿಕೆ ದಿನಾಂಕ ಮುದ್ರಿಸಿದ ಸೆಲ್ ಕೊಳ್ಳಿ.

1. ಸ್ಮಾರ್ಟ್ ಕೀಯಾದರೆ ಬದಿಯ ಪುಟ್ಟ ಲ್ಯಾಚ್ ಸರಿಸಿ ಒಳಗಿನ ಲೋಹದ ಬ್ಲೇಡನ್ನು ಹೊರಗೆಳೆಯಿರಿ. ಅದು ಕೂತಿದ್ದ ಕಡೆಯೇ ಸಾಮಾನ್ಯವಾಗಿ ಒಂದು ಸೀಳು ಕಾಣುತ್ತದೆ.
2. ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ ಸೀಳಿನಲ್ಲಿಟ್ಟು ತಿರುಚಿ. ಮೀಟಿ ಎತ್ತಿದರೆ ಪ್ಲಾಸ್ಟಿಕ್ ಕೊಕ್ಕೆ ಮುರಿಯುತ್ತದೆ.
3. ತೆರೆದ ಕೂಡಲೇ ಫೋಟೊ ತೆಗೆದುಕೊಳ್ಳಿ. ಪ್ಲಸ್ ಮುಖ ಯಾವ ಕಡೆಗಿತ್ತು ಎಂಬುದೇ ಆಮೇಲೆ ಮರೆಯುವ ವಿಷಯ.
4. ಹಳೆಯ ಸೆಲ್ಲನ್ನು ಮಲ್ಟಿಮೀಟರಿನಲ್ಲಿ ನೋಡಿ. ಹೊಸದು 3 ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ. 2.9ರ ಕೆಳಗಿದ್ದರೆ ಬದಲಿಸಿ.
5. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿದು ಕೂರಿಸಿ. ಲೋಹದ ಇಕ್ಕುಳದಿಂದ ಎರಡೂ ಮುಖ ಹಿಡಿದರೆ ಶಾರ್ಟ್ ಆಗುತ್ತದೆ.
6. ಸಂಪರ್ಕದ ಪಟ್ಟಿ ಚಪ್ಪಟೆಯಾಗಿದ್ದರೆ ಕೂದಲೆಳೆಯಷ್ಟು ಮೇಲೆತ್ತಿ ಮುಚ್ಚಿ.

ಹಳೆಯ ಸೆಲ್ ಮಕ್ಕಳ ಕೈಗೆ ಸಿಗದಂತೆ ಎರಡೂ ಮುಖಕ್ಕೆ ಟೇಪ್ ಸುತ್ತಿ ಇಡಿ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸೆಲ್ ಹೊಸದಾದರೂ ಒಂದೇ ಗುಂಡಿ ಕೆಲಸ ಮಾಡುತ್ತಿಲ್ಲ ಅಥವಾ ಬಲವಾಗಿ ಒತ್ತಿದರೆ ಮಾತ್ರ ಮಾಡುತ್ತದೆ ಎಂದರೆ ಬೋರ್ಡಿನ ಪುಟಾಣಿ ಸ್ವಿಚ್ಚಿನ ಬೆಸುಗೆ ಬಿರುಕು ಬಿಟ್ಟಿದೆ. ಕೈ ಪಳಗಿದ ಮೊಬೈಲ್ ರಿಪೇರಿಯವರು ಇದನ್ನು ಹತ್ತು ನಿಮಿಷದಲ್ಲಿ ಬದಲಿಸಿಕೊಡುತ್ತಾರೆ. ನೀರಿಗೆ ಬಿದ್ದ ಕೀಯ ಸೆಲ್ಲನ್ನು ತಕ್ಷಣ ತೆಗೆಯಿರಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಷ್ ಮಾಡಿ ಒಂದಿಡೀ ದಿನ ಒಣಗಿಸಿ. ಅಕ್ಕಿ ಡಬ್ಬದಲ್ಲಿ ಹೂಳುವ ಉಪಾಯ ಬೇಡ, ಪುಡಿ ಒಳಹೋಗುತ್ತದೆಯೇ ಹೊರತು ಕೊಳೆ ಹೋಗುವುದಿಲ್ಲ.

ಒಂದೇ ಜಾಗದಲ್ಲಿ ಮಾತ್ರ ರಿಮೋಟ್ ಕೈಕೊಡುತ್ತದೆಯೇ? ಗೇಟಿನ ರಿಮೋಟ್, ವೈರ್‌ಲೆಸ್ ಕಾಲಿಂಗ್ ಬೆಲ್ ಇವೂ ಇದೇ 433ರ ಸುತ್ತ ಕೂಗುತ್ತವೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸುಮ್ಮನಿದ್ದ ಕಾರು ರಸ್ತೆಗೆ ಬಂದ ಮೇಲೆ ಮಾತು ಕೇಳಿದರೆ ಕೀಗೆ ಕಾಸು ಸುರಿಯಬೇಡಿ.

ಇನ್ನೊಂದು ಕಾರಣ, ಮಕ್ಕಳು ಮನೆಯಲ್ಲಿ ಕೀ ಹಿಡಿದು ಸುಮ್ಮನೆ ಒತ್ತುತ್ತಾ ಕೂರುವುದು. ಪ್ರತಿ ಒತ್ತಿಗೂ ಸಂಕೇತ ಮುಂದೆ ಸರಿಯುತ್ತದೆ. ಕಾರಿಗೆ ಕೇಳಿಸದಷ್ಟು ದೂರದಲ್ಲಿ ನೂರಾರು ಸಲ ಒತ್ತಿದರೆ ಎರಡರ ಲೆಕ್ಕ ತಪ್ಪುತ್ತದೆ. ಬ್ಲೇಡಿನಿಂದ ಒಳಹೋಗಿ, ಇಗ್ನಿಷನ್ ಆನ್ ಮಾಡಿ ಲಾಕ್ ಗುಂಡಿ ಒತ್ತಿದರೆ ಹಲವು ಕಾರುಗಳಲ್ಲಿ ಲೆಕ್ಕ ಸರಿಹೋಗುತ್ತದೆ. ನಿಮ್ಮ ಮಾದರಿಯ ಕ್ರಮ ಮ್ಯಾನುಯಲ್‌ನಲ್ಲಿ ಇರುತ್ತದೆ.

ಸೆಲ್ ಸತ್ತಿದೆ, ಈಗಲೇ ಹೊರಡಬೇಕು

ಸ್ಮಾರ್ಟ್ ಕೀ ಒಳಗಿನ ಬ್ಲೇಡಿಗೆ ಚಾಲಕನ ಬಾಗಿಲಿನಲ್ಲಿ ರಂಧ್ರ ಇದ್ದೇ ಇರುತ್ತದೆ. ಕಾಣಿಸದಿದ್ದರೆ ಹಿಡಿಕೆಯ ಕೊನೆಯಲ್ಲಿರುವ ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿದೆ. ಮುಚ್ಚಳದ ಕೆಳಗಿನ ಸೀಳಿಗೆ ಬ್ಲೇಡ್ ತುದಿ ಹಾಕಿ ಎಬ್ಬಿಸಿ. ಹೀಗೆ ತೆರೆದಾಗ ಸೈರನ್ ಬಡಿದುಕೊಂಡರೆ ಗಾಬರಿ ಬೇಡ, ಚಿಪ್ ಗುರುತಾಗಿ ಇಗ್ನಿಷನ್ ಆನ್ ಆದೊಡನೆ ನಿಲ್ಲುತ್ತದೆ.

ಒಳಗೆ ಕೂತು ಬ್ರೇಕ್ ಒತ್ತಿ (ಮ್ಯಾನುಯಲ್ ಗೇರಿನಲ್ಲಿ ಕ್ಲಚ್), ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ. ಮಾರುತಿ, ಹ್ಯುಂಡೈ, ಕಿಯಾ, ಟೊಯೊಟಾಗಳ ಹೆಚ್ಚಿನ ಮಾದರಿಗಳಲ್ಲಿ ಬಟನ್ ಹಿಂದೆಯೇ ಸುರುಳಿ ಇರುತ್ತದೆ. ಹ್ಯುಂಡೈ, ಕಿಯಾದಲ್ಲಿ ಕೀಯ ತುದಿಯಿಂದಲೇ ಬಟನ್ ಒತ್ತಬೇಕು. ಟೊಯೊಟಾದಲ್ಲಿ ಲಾಂಛನದ ಮುಖ ತಾಗಿಸಿ, ಬೀಪ್ ಕೇಳಿದ ಮೇಲೆ ಬೆರಳಿಂದ ಒತ್ತಬೇಕು. ಬೇರೆ ಕೆಲವು ಕಾರುಗಳಲ್ಲಿ ಈ ಜಾಗ ಕಪ್ ಹೋಲ್ಡರ್ ತಳದಲ್ಲೋ ಸ್ಟಿಯರಿಂಗ್ ಕಾಲಂ ಮೇಲೋ ಇರುತ್ತದೆ.

ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ಬೆಳಗುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ

ಕಾರು ಕೀಯನ್ನು ಗುರುತಿಸಿದೆ. ಆದರೆ ನೀವು ಬ್ರೇಕ್ ಅಥವಾ ಕ್ಲಚ್ ಒತ್ತಿದ್ದು ಅದಕ್ಕೆ ಗೊತ್ತಾಗಿಲ್ಲ. ಎಂಜಿನ್ ಆಫ್ ಇದ್ದಾಗ ಎರಡು ಮೂರು ಸಲ ಬ್ರೇಕ್ ಒತ್ತಿದರೆ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ. ಆಗ ಮಾಮೂಲಿಗಿಂತ ಬಲವಾಗಿ ತುಳಿಯಬೇಕು. ಹಿಂದಿನ ಗೋಡೆಯ ಮೇಲೆ ಬ್ರೇಕ್ ದೀಪದ ಕೆಂಪು ಬೀಳುತ್ತಿದೆಯೇ ನೋಡಿ. ಬೀಳದಿದ್ದರೆ ಬ್ರೇಕ್ ದೀಪದ ಫ್ಯೂಸ್ ಅಥವಾ ಪೆಡಲ್ ಮೇಲ್ತುದಿಯ ಸ್ವಿಚ್ ಕೆಟ್ಟಿದೆ. ಹೀಗಾದಾಗಲೆಂದೇ ಹ್ಯುಂಡೈನ ಹಲವು ಮಾದರಿಗಳಲ್ಲಿ ಒಂದು ದಾರಿ ಇದೆ: ಬ್ರೇಕ್ ಒತ್ತದೆ ಬಟನ್ ಒಮ್ಮೆ ಒತ್ತಿ ಎಸಿಸಿ ಸ್ಥಿತಿಗೆ (ಎಂಜಿನ್ ಏಳದೆ ಸ್ಟೀರಿಯೊದಂಥವು ಮಾತ್ರ ನಡೆಯುವ ಸ್ಥಿತಿ) ತಂದು, ಆಮೇಲೆ ಬಟನ್ನನ್ನು 10 ಸೆಕೆಂಡ್ ಒತ್ತಿ ಹಿಡಿಯುವುದು. ಪಾರ್ಕಿಂಗ್ ಬ್ರೇಕ್ ಎಳೆದಿರಲಿ, ಗೇರ್ ಪಾರ್ಕಿನಲ್ಲಿರಲಿ; ಸ್ಟಾರ್ಟ್ ಆದ ಮೇಲೆ ಸೀದಾ ಗ್ಯಾರೇಜಿಗೆ ಹೋಗಿ. ಬ್ರೇಕ್ ದೀಪವಿಲ್ಲದೆ ಹೆದ್ದಾರಿಗೆ ಇಳಿಯುವ ಮಾತಿಲ್ಲ.

ಮ್ಯಾನುಯಲ್ ಕಾರಿನಲ್ಲಿ ಮ್ಯಾಟ್ ನೋಡಿ. ಕಂಪನಿ ಕಾರ್ಪೆಟ್ ಮೇಲೊಂದು ಮ್ಯಾಟ್, ಅದರ ಮೇಲೆ ಅಂಗಡಿಯಲ್ಲಿ ಹಾಕಿಸಿದ ದಪ್ಪ ಲೆದರ್ ಮ್ಯಾಟ್ ಎಂದರೆ ಕ್ಲಚ್ ಪೆಡಲ್ ಕೊನೆಯ ಒಂದು ಸೆಂಟಿಮೀಟರ್ ಇಳಿಯುವುದೇ ಇಲ್ಲ. ಸ್ವಿಚ್ ಕೂತಿರುವುದು ಆ ಕೊನೆಯ ಸೆಂಟಿಮೀಟರಿನಲ್ಲಿ. ಮ್ಯಾಟ್ ಹಿಂದಕ್ಕೆಳೆದು ಪೂರ್ತಿ ತುಳಿದರೆ ಎಷ್ಟೋ 'ಕೆಟ್ಟ ಕೀ'ಗಳು ರಿಪೇರಿಯಾಗುತ್ತವೆ. ಆಟೊಮ್ಯಾಟಿಕ್‌ನಲ್ಲಿ ಪಾರ್ಕ್‌ನಲ್ಲಿ ಸೆಲ್ಫ್ (ಸ್ಟಾರ್ಟರ್ ಮೋಟಾರು) ಹೊಡೆಯದಿದ್ದರೆ ನ್ಯೂಟ್ರಲ್‌ಗೆ ಹಾಕಿ ನೋಡಿ.

ಕೀ ತಿರುಗುವುದೇ ಇಲ್ಲ

ಹೆಚ್ಚಿನ ಸಲ ಕಾರಣ ಸ್ಟಿಯರಿಂಗ್ ಲಾಕ್. ಚಕ್ರ ಕಟ್ಟೆಗೆ ಒತ್ತಿಕೊಂಡು ನಿಂತಿದ್ದರೆ ಲಾಕ್ ಪಿನ್ ಮೇಲೆ ಭಾರ ಬಿದ್ದಿರುತ್ತದೆ. ಸ್ಟಿಯರಿಂಗನ್ನು ಯಾವ ಕಡೆಗೆ ತುಸು ಆಡುತ್ತದೋ ಆ ಕಡೆ ಒತ್ತಿ ಹಿಡಿದು ಕೀಯನ್ನು ಮೃದುವಾಗಿ ತಿರುಗಿಸಿ. ಜೋರು ಮಾಡಿದರೆ ಬ್ಲೇಡ್ ಒಳಗೇ ಮುರಿದು ಕೆಲಸ ಇಮ್ಮಡಿಯಾಗುತ್ತದೆ.

ಬ್ಯಾರೆಲ್‌ಗೆ ಧೂಳು ಸೇರಿದ್ದರೆ ಗ್ರಾಫೈಟ್ ಪುಡಿ ಹಾಕಿ. ಅಡುಗೆ ಎಣ್ಣೆ, ಎಂಜಿನ್ ಎಣ್ಣೆ ಬೇಡ, ಧೂಳಿನೊಂದಿಗೆ ಸೇರಿ ಜಿಡ್ಡಾಗುತ್ತವೆ. ಸ್ಪೇರ್ ಕೀ ಸಲೀಸಾಗಿ ತಿರುಗಿದರೆ ದಿನಬಳಕೆಯ ಕೀ ಸವೆದಿದೆ. ಸವೆದ ಕೀ ಇಟ್ಟು ನಕಲು ಕತ್ತರಿಸಿದರೆ ಸವೆತವೂ ನಕಲಾಗುತ್ತದೆ. ಹೊಸ ಕಾರಿನ ಜೊತೆ ಪುಟ್ಟ ತಗಡಿನ ಚೀಟಿಯಲ್ಲಿ ಕೊಟ್ಟಿರುವ ಕೀ ಸಂಖ್ಯೆಯಿಂದ ಕತ್ತರಿಸಿಕೊಳ್ಳುವುದೇ ಸರಿ.

ಸೆಲ್ಫ್ ಹೊಡೆಯುತ್ತಿಲ್ಲ: ಬ್ಯಾಟರಿ

ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ಕುಗ್ಗಿ 'ಟಕಟಕಟಕ' ಸದ್ದು ಬಂದರೆ ಬ್ಯಾಟರಿ ಇಳಿದಿದೆ. ಪೂರ್ತಿ ಆರಿಹೋಗಿ, ಕೀ ಬಿಟ್ಟಾಗ ಮರಳಿ ಬಂದರೆ ಟರ್ಮಿನಲ್ ಸಂಪರ್ಕ ಹೋಗಿದೆ. ಬೆಳಕು ಕುಗ್ಗದೆ ಒಂದೇ ಒಂದು 'ಟಕ್' ಕೇಳಿದರೆ ಸ್ಟಾರ್ಟರ್ ಮೋಟಾರು ಅಥವಾ ಅದರ ಸೊಲೆನಾಯ್ಡ್ (ಮೋಟಾರಿಗೆ ವಿದ್ಯುತ್ ಹರಿಸುವ ಸ್ವಿಚ್ಚು) ಅನುಮಾನ. ಬೆಳಕೂ ಕುಗ್ಗಲಿಲ್ಲ, ಸದ್ದೂ ಇಲ್ಲವೆಂದರೆ ಫ್ಯೂಸ್, ಸ್ಟಾರ್ಟರ್ ರಿಲೇ, ಇಗ್ನಿಷನ್ ಸ್ವಿಚ್ಚು, ಕ್ಲಚ್ ಸ್ವಿಚ್ಚು ನೋಡಬೇಕು. ಇಲಿ ಕಡಿದ ವೈರನ್ನೂ ಮರೆಯಬೇಡಿ.

ಮಲ್ಟಿಮೀಟರ್ ಇದ್ದರೆ ಊಹೆ ಬೇಕಿಲ್ಲ. ಕಾರು ಕೆಲವು ಗಂಟೆ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್; 12.2 ಎಂದರೆ ಅರ್ಧ; 12ರ ಕೆಳಗೆ ಹೆಚ್ಚುಕಡಿಮೆ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು; 12.5ರ ಆಸುಪಾಸಿನಲ್ಲೇ ನಿಂತಿದ್ದರೆ ಎಂಜಿನ್ನಿನ ಬಲದಿಂದ ವಿದ್ಯುತ್ ಮಾಡುವ ಆಲ್ಟರ್ನೇಟರ್ ಬ್ಯಾಟರಿಯನ್ನು ತುಂಬುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಎರಡು ದಿನಕ್ಕೆ ಅದೇ ಕಥೆ.

ಟರ್ಮಿನಲ್ ಕ್ಲ್ಯಾಂಪನ್ನು ಕೈಯಿಂದ ತಿರುಗಿಸಿ ನೋಡಿ. ತಿರುಗಿದರೆ ಸಡಿಲ, 10 ಮಿ.ಮೀ. ಸ್ಪ್ಯಾನರಿನಿಂದ ಬಿಗಿ ಮಾಡಿ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ, ವ್ಯಾಸಲಿನ್ ಸವರಿ. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮಂಗಳೂರು, ಕಾರವಾರದಂತಹ ಉಪ್ಪುಗಾಳಿಯ ಊರಿನಲ್ಲಿ ಈ ಕೆಲಸ ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಇರಲಿ.

ಜಂಪ್ ಸ್ಟಾರ್ಟ್ ಕ್ರಮ:

1. ನೆರವಿನ ಗಾಡಿಯೂ 12 ವೋಲ್ಟಿನದೇ ಆಗಿರಬೇಕು. ಹೆದ್ದಾರಿಯಲ್ಲಿ ಲಾರಿಯವರು ಒಳ್ಳೆಯ ಮನಸ್ಸಿನಿಂದ ಸಹಾಯಕ್ಕೆ ಬಂದರೂ ಬೇಡವೆನ್ನಿ. ಲಾರಿ, ಬಸ್ಸುಗಳದು ಸಾಮಾನ್ಯವಾಗಿ 24 ವೋಲ್ಟ್, ಇಸಿಯು ಸುಟ್ಟುಹೋಗಬಹುದು.
2. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ನೆರವಿನ ಬ್ಯಾಟರಿಯ ಪ್ಲಸ್‌ಗೆ.
3. ಕಪ್ಪು ಕೇಬಲ್ ನೆರವಿನ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಸತ್ತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿ ಹತ್ತಿರ ಕಿಡಿ ಹಾರಬಾರದು, ಅಲ್ಲಿ ಹೈಡ್ರೋಜನ್ ಇರುತ್ತದೆ.
4. ನೆರವಿನ ಎಂಜಿನ್ 5 ನಿಮಿಷ ಓಡಲಿ. ಆಮೇಲೆ ಸತ್ತ ಕಾರಿನ ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ 10 ಸೆಕೆಂಡ್ ಮೀರಬೇಡಿ.
5. ಬಿಚ್ಚುವುದು ಉಲ್ಟಾ ಕ್ರಮದಲ್ಲಿ.

ಕೇಬಲ್ ಬಿಸಿಯಾಗುತ್ತಿದ್ದರೆ ಒಳಗಿನ ತಾಮ್ರ ತೆಳುವಾಗಿದೆ. ಹೊರಗೆ ಬೆರಳು ದಪ್ಪ ಕಂಡರೂ ಅಗ್ಗದವುಗಳಲ್ಲಿ ಹೆಚ್ಚಿನದು ಪ್ಲಾಸ್ಟಿಕ್ಕೇ. 16 ಚದರ ಮಿ.ಮೀ. ತಾಮ್ರಕ್ಕೆ ಕಡಿಮೆಯದನ್ನು ಕೊಳ್ಳಬೇಡಿ.

ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುಯಲ್ ಗೇರಿಗೆ ಮಾತ್ರ: ಇಗ್ನಿಷನ್ ಆನ್, ಎರಡನೇ ಗೇರ್, ಕ್ಲಚ್ ಒತ್ತಿ, ವೇಗ ಬಂದಾಗ ಬಿಡುವುದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಸಿಯು, ಇಮೊಬಿಲೈಸರ್ ಏಳುವುದೇ ಇಲ್ಲವಾದ್ದರಿಂದ ಎಷ್ಟು ತಳ್ಳಿದರೂ ವ್ಯರ್ಥ.

ಬ್ಯಾಟರಿ ಹೊಸದು, ಆದರೂ ನಾಲ್ಕು ದಿನ ನಿಂತರೆ ಇಳಿಯುತ್ತದೆ ಎಂದರೆ ಏನೋ ಒಂದು ಸದ್ದಿಲ್ಲದೆ ಹೀರುತ್ತಿದೆ. ಹೊರಗೆ ಹಾಕಿಸಿದ ಜಿಪಿಎಸ್ ಟ್ರ್ಯಾಕರ್, ಡ್ಯಾಶ್‌ಕ್ಯಾಮ್, ಸ್ಟೀರಿಯೊಗಳೇ ಮೊದಲ ಆರೋಪಿಗಳು. ಮಲ್ಟಿಮೀಟರನ್ನು 10 ಆಂಪ್ ಶ್ರೇಣಿಗಿಟ್ಟು ಮೈನಸ್ ಟರ್ಮಿನಲ್ ಮತ್ತು ಕೇಬಲ್ ನಡುವೆ ಸರಣಿಯಲ್ಲಿ ಜೋಡಿಸಿ, ಬೀಗ ಹಾಕಿ 40 ನಿಮಿಷ ಬಿಡಿ. 50 ಮಿಲಿಆಂಪ್‌ವರೆಗೆ ಸಹಜ. ಅದಕ್ಕೂ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ, ಅಂಕಿ ಕುಸಿದ ಫ್ಯೂಸಿನ ಸಾಲಿನಲ್ಲೇ ಕಳ್ಳ ಇದ್ದಾನೆ. ಮೀಟರ್ ಹಾಗೇ ಇರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಡುತ್ತದೆ. ಸ್ಮಾರ್ಟ್ ಕೀಯನ್ನು ಕಾರಿನ ಪಕ್ಕದ ಗೋಡೆಯ ಮೊಳೆಗೆ ನೇತುಹಾಕುವ ಅಭ್ಯಾಸವಿದ್ದರೆ ಬಿಡಿ. ಕಾರೂ ಕೀಯೂ ರಾತ್ರಿಯಿಡೀ ಮಾತಾಡುತ್ತಾ ಎರಡರ ಶಕ್ತಿಯೂ ಸೋರುತ್ತದೆ.

ಎಲೆಕ್ಟ್ರಿಕ್ ಕಾರಿನಲ್ಲೂ 12 ವೋಲ್ಟ್ ಪೂರೈಕೆ ಬೇಕೇ ಬೇಕು. ಅದರ ಬ್ಯಾಟರಿ ಸತ್ತರೆ ದೊಡ್ಡ ಬ್ಯಾಟರಿ 80 ಶೇಕಡಾ ತುಂಬಿದ್ದರೂ ರಿಮೋಟಿಗೆ ಬಾಗಿಲು ತೆರೆಯುವುದಿಲ್ಲ, ಕಾರು ರೆಡಿಯಾಗುವುದಿಲ್ಲ. ಜಂಪ್ ಮಾಡುವ ಬಿಂದು ಮ್ಯಾನುಯಲ್‌ನಲ್ಲಿದೆ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಲೇಬೇಡಿ.

ಸೆಲ್ಫ್ ಚೆನ್ನಾಗಿದೆ, ಎಂಜಿನ್ ಓಡುವುದಿಲ್ಲ: ಇಮೊಬಿಲೈಸರ್

ಎಂಜಿನ್ ಹತ್ತಿಕೊಂಡು ಒಂದೆರಡು ಸೆಕೆಂಡಿನಲ್ಲಿ ಆರಿಹೋಗುತ್ತದೆ, ಅಥವಾ ಸೆಲ್ಫ್ ಮಾತ್ರ ತಿರುಗುತ್ತದೆ. ಜೊತೆಗೆ ಕೀ ಅಥವಾ ಬೀಗದ ಗುರುತಿನ ದೀಪ ಇಗ್ನಿಷನ್ ಆನ್ ಇದ್ದಾಗಲೂ ಮಿನುಗುತ್ತಿದೆ. ಚಿಪ್ ಗುರುತಾಗಿಲ್ಲ ಎಂದರ್ಥ. ಕೀಚೈನಿನಿಂದ ಬೇರೆ ವಾಹನಗಳ ಕೀಗಳನ್ನು, ಲೋಹದ ರಿಂಗುಗಳನ್ನು ಬಿಚ್ಚಿ, ಇಗ್ನಿಷನ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ. ಪಕ್ಕದಲ್ಲಿ ಇನ್ನೊಂದು ಚಿಪ್ ಕೀ ಇದ್ದರೂ ಸುರುಳಿಗೆ ಗೊಂದಲವಾಗುತ್ತದೆ.

ಇತ್ತೀಚೆಗೆ ಕೀಯ ಹೊರಕವಚ ಬದಲಿಸಿದ್ದೀರಾ? ಇದು ತುಂಬ ಸಾಮಾನ್ಯ ಎಡವಟ್ಟು. ಮಡಚುವ ಫ್ಲಿಪ್ ಕೀ ಚಂದ ಎಂದು ಆಕ್ಸೆಸರಿ ಅಂಗಡಿಯಲ್ಲಿ ಹೊಸ ಕವಚಕ್ಕೆ ಬೋರ್ಡು, ಸೆಲ್ಲು ಸಾಗಿಸಿರುತ್ತಾರೆ. ಹಲವು ಕೀಗಳಲ್ಲಿ ಚಿಪ್ ಬೋರ್ಡಿನ ಮೇಲಿರುವುದಿಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡ ಕಪ್ಪು ತುಂಡಾಗಿಯೋ ಗಾಜಿನ ಕೊಳವೆಯಾಗಿಯೋ ಹಳೆಯ ಕವಚದ ಮೂಲೆಯಲ್ಲೇ ಉಳಿದುಬಿಟ್ಟಿರುತ್ತದೆ. ರಿಮೋಟ್ ಕೆಲಸ ಮಾಡುತ್ತದೆ, ಬ್ಲೇಡ್ ತಿರುಗುತ್ತದೆ, ಎಂಜಿನ್ ಮಾತ್ರ ಒಪ್ಪುವುದಿಲ್ಲ. ಹಳೆಯ ಕವಚವನ್ನು ಎಸೆಯುವ ಮುನ್ನ ಬಿಡಿಸಿ ಹುಡುಕಿ. ಸಿಕ್ಕರೆ ಹಳೆಯ ಕವಚವನ್ನೇ ಬ್ಯಾರೆಲ್ ಪಕ್ಕ ಹಿಡಿದು ಸ್ಟಾರ್ಟ್ ಮಾಡಿ ಖಚಿತಪಡಿಸಿಕೊಳ್ಳಬಹುದು.

ಎರಡೂ ಕೀಗೆ ದೀಪ ಮಿನುಗಿದರೆ ಸುರುಳಿ ಆಂಟೆನಾ, ಅದರ ಕನೆಕ್ಟರ್ ಅಥವಾ ಫ್ಯೂಸ್ ನೋಡಬೇಕು. ಅದು ಸ್ಕ್ಯಾನರ್ ಇರುವವರ ಕೆಲಸ. ಇಮೊಬಿಲೈಸರನ್ನೇ ಬೈಪಾಸ್ ಮಾಡಿಕೊಡುತ್ತೇವೆ ಎಂದವರಿಗೆ ಒಪ್ಪಬೇಡಿ. ಕಳ್ಳನಿಗೆ ದಾರಿ ತೆರೆದಂತೆ, ವಿಮೆಯೂ ತಕರಾರಾಗುತ್ತದೆ.

ಹೊಸ ಕೀ ಮಾಡಿಸಲೇಬೇಕಾದರೆ

ಡೀಲರ್ ಬಳಿ ಆರ್‌ಸಿ, ಮಾಲೀಕರ ಗುರುತಿನ ಚೀಟಿ ಬೇಕು. ಕಳೆದುಹೋಗಿದ್ದರೆ ಪೊಲೀಸ್ ದೂರಿನ ಪ್ರತಿಯನ್ನೂ ಕೇಳಬಹುದು. ವಿಮೆಯಲ್ಲಿ ಕೀ ಬದಲಾವಣೆಯ ಆಡ್-ಆನ್ ಇದ್ದರೆ ದುಡ್ಡು ಕೊಡುವ ಮುನ್ನ ಕಂಪನಿಗೆ ತಿಳಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೊರಗಿನವರಿಂದ ಮಾಡಿಸುವುದು ಅಗ್ಗ, ಆದರೆ ಪ್ರೋಗ್ರಾಮಿಂಗ್ ನಿಮ್ಮ ಕಣ್ಣೆದುರೇ ನಡೆಯಲಿ. ಇರುವ ಎಲ್ಲ ಕೀಗಳನ್ನೂ ಒಯ್ಯಿರಿ, ಏಕೆಂದರೆ ಹಲವು ಕಾರುಗಳಲ್ಲಿ ಆ ಹೊತ್ತಿಗೆ ಹಾಜರಿಲ್ಲದ ಕೀ ಅಳಿಸಿಹೋಗುತ್ತದೆ. ಕಳೆದ ಕೀಯನ್ನು ಅಳಿಸಿಸಿ, ಕೊನೆಗೆ ಸ್ಕ್ಯಾನರ್ ಪರದೆಯಲ್ಲಿ ನೋಂದಾದ ಕೀಗಳ ಸಂಖ್ಯೆ ತೋರಿಸಲು ಕೇಳಿ. ನಿಮ್ಮ ಕೈಯಲ್ಲಿ ಎರಡಿದ್ದು ಅಲ್ಲಿ ಮೂರು ಎಂದಿದ್ದರೆ ಹಣ ಕೊಡುವ ಮುಂಚೆ ಉತ್ತರ ಬೇಕು.

ಕೆಟ್ಟ ಮೂಲ ಕೀಯನ್ನು ಎಸೆಯಬೇಡಿ. ಕಾರು ಕಳುವಾದರೆ ವಿಮಾ ಕಂಪನಿ ಮೂಲ ಕೀಗಳೆರಡನ್ನೂ ಕೇಳುತ್ತದೆ.